ಮೂರು ಕೊಡ, ಒಂದೇ ಬಾವಿ: ಹಲವು ಸರ್ಚ್ ಎಂಜಿನ್‌ಗಳಲ್ಲಿ ಹುಡುಕುವ ಕ್ರಮ

ಮನೆಯ ಹಳೆಯ ಹೊಲಿಗೆ ಯಂತ್ರಕ್ಕೆ ಕೈಪಿಡಿ ಬೇಕಿತ್ತು. ಮೇಲುದಾರದ ಬಿಗಿತ ಹೊಂದಿಸುವ ತಿರುಪನ್ನು ಯಾರೋ ಬಿಚ್ಚಿ, ಒಳಗಿನ ಬಿಲ್ಲೆಗಳನ್ನು ಹಿಂದುಮುಂದಾಗಿ ಕೂರಿಸಿದ್ದರು. ಯಂತ್ರದ ಅಡಿಯ ತಗಡಿನಲ್ಲಿ ಮಾದರಿ ಸಂಖ್ಯೆ ಇತ್ತು. ಅದನ್ನು ದಿನವೂ ಬಳಸುವ ಸರ್ಚ್ ಎಂಜಿನ್‌ಗೆ ಕೊಟ್ಟೆ. ಹೊಸ ಯಂತ್ರ ಮಾರುವವರು ಸಾಲುಗಟ್ಟಿ ಬಂದರು. ಅವರ ಕೆಳಗೆ, ‘ಕೈಪಿಡಿ ಉಚಿತ’ ಎಂದು ಕರೆದು, ಒಳಗೆ ಕಾಲಿಟ್ಟ ಮೇಲೆ ಕಾರ್ಡಿನ ಸಂಖ್ಯೆ ಕೇಳುವ ತಾಣಗಳು. ಎರಡನೆಯ ಎಂಜಿನ್‌ಗೆ ಹೋದೆ, ಮೂರನೆಯದಕ್ಕೆ ಹೋದೆ, ನಾಲ್ಕನೆಯದಕ್ಕೂ ಹೋದೆ. ಕೊನೆಯ ಮೂರರಲ್ಲಿ ಬಂದದ್ದು ಹೆಚ್ಚುಕಡಿಮೆ ಅವೇ ಹತ್ತು ಕೊಂಡಿಗಳು, ಜಾಗ ಮಾತ್ರ ಅದಲುಬದಲು. ನಾಲ್ಕು ಕಡೆ ಹುಡುಕಿದೆನೆಂಬ ಸಮಾಧಾನ ನನಗೆ; ನಿಜಕ್ಕೂ ಹುಡುಕಿದ್ದು ಎರಡೇ ಕಡೆ. ಬಾವಿ ಒಂದು, ಕೊಡಗಳು ಮೂರು.

ಕೈಪಿಡಿ ಕೊನೆಗೂ ಸಿಕ್ಕಿತು. ಹೇಗೆಂಬುದನ್ನು ಮೂರನೆಯ ಹಂತದಲ್ಲಿ ಹೇಳುತ್ತೇನೆ. ಇಲ್ಲಿರುವ ಕ್ರಮದ ಬಹುಪಾಲನ್ನು ನಾನು ಕಲಿತದ್ದು ಆ ಯಂತ್ರದ ಮುಂದೆ ಕುಳಿತ ಎರಡು ಸಂಜೆಗಳಲ್ಲಿ.

ಹಂತ 1: ಬಾವಿ ಯಾವುದು, ಕೊಡ ಯಾವುದು?

ಸರ್ಚ್ ಎಂಜಿನ್ ನೀವು ಕೇಳಿದ ಕ್ಷಣದಲ್ಲಿ ಅಂತರಜಾಲವನ್ನೆಲ್ಲ ಸುತ್ತಿ ಬರುವುದಿಲ್ಲ. ಕ್ರಾಲರ್ ಎಂಬ ಪ್ರೋಗ್ರಾಂ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗುತ್ತಾ ಪುಟಗಳನ್ನು ಮೊದಲೇ ಓದಿಕೊಂಡಿರುತ್ತದೆ. ಓದಿದ್ದನ್ನು ಪುಸ್ತಕದ ಹಿಂಬದಿಯ ಪದಸೂಚಿಯ ಹಾಗೆ ಜೋಡಿಸಿಡುತ್ತದೆ. ನೀವು ಕೇಳಿದಾಗ ಎಂಜಿನ್ ನೋಡುವುದು ಆ ಸೂಚಿಯನ್ನು. ಸೂಚಿಗೆ ಸೇರದ ಪುಟ ಎಷ್ಟೇ ಒಳ್ಳೆಯದಾಗಿದ್ದರೂ ನಿಮ್ಮ ಪಾಲಿಗೆ ಇಲ್ಲ.

ಇಷ್ಟು ದೊಡ್ಡ ಸೂಚಿಯನ್ನು ಕಟ್ಟಿ, ದಿನವೂ ಹೊಸದಾಗಿ ಇಡುವುದು ಭಾರೀ ಖರ್ಚಿನ ಕೆಲಸ. ಆದ್ದರಿಂದ ಹೆಸರು ಹತ್ತಾರಿದ್ದರೂ ಸ್ವಂತ ಬಾವಿ ಇರುವವರು ಕೆಲವರೇ. 1998ರಲ್ಲಿ ಕಂಪನಿಯಾದ ಗೂಗಲ್‌ಗೆ ಸ್ವಂತ ಸೂಚಿ ಇದೆ. 2009ರಲ್ಲಿ ಮೈಕ್ರೋಸಾಫ್ಟ್ ಆರಂಭಿಸಿದ ಬಿಂಗ್‌ಗೂ ಇದೆ. ರಷ್ಯಾದ ಯಾಂಡೆಕ್ಸ್, ಚೀನಾದ ಬೈದು ತಮ್ಮ ತಮ್ಮ ಭಾಷೆಗಳಲ್ಲಿ ಆಳವಾಗಿ ತೋಡಿಕೊಂಡಿವೆ. 2021ರಲ್ಲಿ ಸಾರ್ವಜನಿಕರಿಗೆ ತೆರೆದ ಬ್ರೇವ್ ಸರ್ಚ್ ಆರಂಭದಲ್ಲಿ ಸ್ವಲ್ಪ ಪ್ರಮಾಣದಲ್ಲಿ ಬಿಂಗ್‌ನ ನೆರವು ಪಡೆಯುತ್ತಿತ್ತು. 2023ರಲ್ಲಿ ಅದನ್ನೂ ಬಿಟ್ಟು ತನ್ನ ಸೂಚಿಯ ಮೇಲೆ ನಿಂತಿತು. ಬ್ರಿಟನ್ನಿನ ಮೋಜೀಕ್ ಚಿಕ್ಕದು, ಆದರೆ ಪೂರ್ತಿ ಸ್ವತಂತ್ರ. ಮಾರ್ಜಿನೇಲಿಯಾ ಎಂಬ ಇನ್ನೊಂದಿದೆ. ಅದು ಜಾಹೀರಾತು ಕಡಿಮೆ, ಬರಹ ಹೆಚ್ಚು ಇರುವ ಹಳೆಯ ಮಾದರಿಯ ಪುಟಗಳನ್ನೇ ಆರಿಸಿ ಮುಂದಿಡುತ್ತದೆ.

ಉಳಿದವರಲ್ಲಿ ಬಹುಪಾಲು ಕೊಡಗಳು. ಯಾಹೂ 2009ರ ಒಪ್ಪಂದದ ನಂತರ ಬಹುಮಟ್ಟಿಗೆ ಮೈಕ್ರೋಸಾಫ್ಟ್‌ನ ಫಲಿತಾಂಶಗಳನ್ನೇ ತೋರಿಸುತ್ತಾ ಬಂದಿದೆ. 2008ರಲ್ಲಿ ಆರಂಭವಾದ ಡಕ್‌ಡಕ್‌ಗೋದ ಕೊಂಡಿಗಳಲ್ಲಿ ಹೆಚ್ಚಿನವು ಬಿಂಗ್‌ನಿಂದ ಬಂದಿರುತ್ತವೆ. ಸ್ಟಾರ್ಟ್‌ಪೇಜ್ ಮುಖ್ಯವಾಗಿ ಗೂಗಲ್‌ನ ಫಲಿತಾಂಶವನ್ನು ನಿಮ್ಮ ಗುರುತು ಮರೆಮಾಡಿ ತಂದುಕೊಡುತ್ತದೆ. ಇವು ಕೆಟ್ಟವೆಂದಲ್ಲ. ಜಾಡು ಹಿಡಿಯುವವರಿಂದ ತಪ್ಪಿಸಿಕೊಳ್ಳಬೇಕೆನ್ನುವವರಿಗೆ ಡಕ್‌ಡಕ್‌ಗೋ, ಸ್ಟಾರ್ಟ್‌ಪೇಜ್ ಎರಡೂ ಒಳ್ಳೆಯ ಆಯ್ಕೆಗಳು. ಆದರೆ ಬಿಂಗ್‌ನಲ್ಲಿ ಸಿಗದ್ದು ಡಕ್‌ಡಕ್‌ಗೋದಲ್ಲಿ ಸಿಕ್ಕೀತೆಂದು ಕಾಯುವುದು, ಒಂದು ಕೊಡದ ನೀರು ಉಪ್ಪೆಂದು ಅದೇ ಬಾವಿಗೆ ಇನ್ನೊಂದು ಕೊಡ ಇಳಿಬಿಟ್ಟಂತೆ.

ಯಾರು ಯಾರ ನೀರು ಸೇದುತ್ತಿದ್ದಾರೆಂಬುದು 2024ರ ಮೇ 23ರಂದು ಎಲ್ಲರಿಗೂ ಕಂಡಿತು. ಅಂದು ಬಿಂಗ್ ಕೆಲವು ಗಂಟೆ ಕೆಟ್ಟು ನಿಂತಿತು. ಜೊತೆಯಲ್ಲೇ ಡಕ್‌ಡಕ್‌ಗೋ, ಇಕೋಸಿಯಾಗಳಲ್ಲೂ ಹುಡುಕಾಟ ನಿಂತುಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಕೋಸಿಯಾ ಮತ್ತು ಫ್ರಾನ್ಸಿನ ಕ್ವಾಂಟ್ ಸೇರಿ ಯುರೋಪಿನಲ್ಲೇ ಒಂದು ಸೂಚಿ ಕಟ್ಟುವುದಾಗಿ ಪ್ರಕಟಿಸಿದವು.

ಹಾಗಾಗಿ ಮೊದಲ ಕೆಲಸ: ಮೂರು ಬೇರೆ ಬೇರೆ ಬಾವಿಗಳಿಂದ ಒಂದೊಂದು ಕೊಡ ಆರಿಸಿಕೊಳ್ಳಿ. ಗೂಗಲ್ ಅಥವಾ ಸ್ಟಾರ್ಟ್‌ಪೇಜ್ ಒಂದು. ಬಿಂಗ್ ಅಥವಾ ಡಕ್‌ಡಕ್‌ಗೋ ಒಂದು. ಬ್ರೇವ್ ಅಥವಾ ಮೋಜೀಕ್ ಒಂದು. ನಾಲ್ಕನೆಯದು ಸಾಮಾನ್ಯವಾಗಿ ಬೇಡ.

ಮೂರನ್ನೂ ಬೆರೆಸಿ ಕೊಡುವ ಮೆಟಾ ಸರ್ಚ್ ಎಂಜಿನ್ ಬಳಸಬಾರದೇ ಎಂದು ಕೇಳಬಹುದು. ಈ ಯೋಚನೆ ಹಳೆಯದೇ. ಮೆಟಾಕ್ರಾಲರ್ 1995ರಲ್ಲೇ ಇತ್ತು. ಈಗ ಸರ್ಕ್ಸ್‌ಎನ್‌ಜಿ ಎಂಬ ಮುಕ್ತ ತಂತ್ರಾಂಶವಿದೆ, ಅದು ಪ್ರತಿ ಫಲಿತಾಂಶದ ಕೆಳಗೆ ಅದು ಯಾವ ಎಂಜಿನ್‌ನಿಂದ ಬಂತೆಂದೂ ತೋರಿಸುತ್ತದೆ. ಅವಸರಕ್ಕೆ ಒಳ್ಳೆಯದು. ಆದರೆ ಒಂದೊಂದು ಎಂಜಿನ್‌ಗೂ ಪ್ರಶ್ನೆಯನ್ನು ಬೇರೆ ಬೇರೆಯಾಗಿ ತಿದ್ದಿ ಕೇಳುವ ಅನುಕೂಲ ಅಲ್ಲಿಲ್ಲ. ನನ್ನ ಅನುಭವದಲ್ಲಿ ಕೆಲಸ ಮಾಡುವುದು ಆ ತಿದ್ದುವಿಕೆಯೇ.

ಹಂತ 2: ಉತ್ತರ ಹೇಗಿದ್ದೀತೆಂದು ಊಹಿಸಿ

ಬೆರಳು ಕೀಲಿಮಣೆಗೆ ಹೋಗುವ ಮೊದಲು ಅರ್ಧ ನಿಮಿಷ ಯೋಚಿಸಿ: ನಾನು ಹುಡುಕುತ್ತಿರುವುದು ಎಂತಹ ಪುಟದಲ್ಲಿ ಇರುತ್ತದೆ? ಕೈಪಿಡಿಯಾದರೆ ಅದು ಪಿಡಿಎಫ್ ಆಗಿರುತ್ತದೆ. ನಿಯಮವಾದರೆ ಸರ್ಕಾರಿ ತಾಣದಲ್ಲಿ. ‘ಇದನ್ನು ಬಳಸಿದವರಿಗೆ ಏನಾಯಿತು’ ಎಂಬ ಪ್ರಶ್ನೆಯಾದರೆ ಬಳಸಿದವರು ಮಾತಾಡಿಕೊಳ್ಳುವ ವೇದಿಕೆಗಳಲ್ಲಿ. ಅಲ್ಲಿ ಬರೆಯುವವರು ಯಾವ ಪದ ಬಳಸುತ್ತಾರೋ ಆ ಪದವನ್ನೇ ಹುಡುಕಬೇಕು. ‘ದಾರ ಏಕೆ ಸಡಿಲವಾಗುತ್ತದೆ’ ಎಂಬುದು ನನ್ನ ಪ್ರಶ್ನೆ. ದುರಸ್ತಿಗಾರ ಬರೆಯುವುದು ‘ಬಿಗಿತದ ಬಿಲ್ಲೆಗಳ ಜೋಡಣೆ’ ಎಂದು.

ಹಂತ 3: ಮೊದಲ ಸುತ್ತಿನಲ್ಲಿ ಉತ್ತರ ಬೇಡ, ಪದ ಬೇಕು

ಒಂದೇ ಪ್ರಶ್ನೆಯನ್ನು ಮೂರೂ ಎಂಜಿನ್‌ಗಳಿಗೆ ಮೂರು ಟ್ಯಾಬ್‌ಗಳಲ್ಲಿ ಕೊಡಿ. ಖಾತೆಗೆ ಲಾಗಿನ್ ಆಗಿಲ್ಲದ ಖಾಸಗಿ ಕಿಟಕಿಯಲ್ಲಿ ಮಾಡಿದರೆ ನಿಮ್ಮ ಹಳೆಯ ಹುಡುಕಾಟಗಳ ಪ್ರಭಾವ ಕಡಿಮೆಯಾಗುತ್ತದೆ. ಮೊದಲ ಪುಟವನ್ನು ಮಾತ್ರ ನೋಡಿ, ಯಾವುದನ್ನೂ ಇನ್ನೂ ಒತ್ತಬೇಡಿ. ಮೂರರಲ್ಲೂ ಇರುವ ಕೊಂಡಿಗಳನ್ನು ಬದಿಗಿಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದರಲ್ಲಿ ಮಾತ್ರ ಇರುವ ಕೊಂಡಿಗಳ ಶೀರ್ಷಿಕೆ ಮತ್ತು ಅದರಡಿಯ ಎರಡು ಸಾಲನ್ನು ಗಮನವಿಟ್ಟು ಓದಿ. ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ವಿಷಯಕ್ಕೆ ಸಂಬಂಧಪಟ್ಟಂತಿರುವ ಪದ ಯಾವುದಾದರೂ ಕಂಡರೆ ಕಾಗದದಲ್ಲಿ ಬರೆದುಕೊಳ್ಳಿ.

ಹೊಲಿಗೆ ಯಂತ್ರದ ವಿಷಯದಲ್ಲಿ ಆದದ್ದು ಇದೇ. ಸ್ವಂತ ಸೂಚಿಯಿರುವ ಒಂದು ಸಣ್ಣ ಎಂಜಿನ್ ಏಳು ಫಲಿತಾಂಶ ಕೊಟ್ಟಿತು. ಆರು ಕೆಲಸಕ್ಕೆ ಬಾರದವು. ಏಳನೆಯದು ಹಳೆಯ ಯಂತ್ರಗಳನ್ನು ಕೂಡಿಡುವ ಹವ್ಯಾಸಿಯೊಬ್ಬರ ಪುಟ: ಬೂದು ಹಿನ್ನೆಲೆ, ನೀಲಿ ಅಕ್ಷರ, ನೋಡಿದರೆ ಇಪ್ಪತ್ತು ವರ್ಷ ಹಳೆಯದೆನ್ನಿಸುವ ವಿನ್ಯಾಸ. ಅಲ್ಲಿ ಕೈಪಿಡಿ ಇರಲಿಲ್ಲ. ಆದರೆ ಈ ಮಾದರಿಯನ್ನು ಬೇರೆ ದೇಶದಲ್ಲಿ ಬೇರೊಂದು ಹೆಸರು, ಬೇರೊಂದು ಸಂಖ್ಯೆ ಹಾಕಿ ಮಾರುತ್ತಿದ್ದರೆಂದು ಒಂದೇ ಒಂದು ವಾಕ್ಯವಿತ್ತು. ಆ ಎರಡನೆಯ ಸಂಖ್ಯೆಯನ್ನು ಹಿಡಿದು, ಮೊದಲು ಸೋತಿದ್ದ ಎಂಜಿನ್‌ಗೇ ಮರಳಿದೆ. ಮೊದಲ ಕೊಂಡಿಯೇ ಕೈಪಿಡಿ. ಬಿಲ್ಲೆಗಳ ಚಿತ್ರಸಹಿತ.

ಎರಡನೆಯ ಎಂಜಿನ್ ಎಂದರೆ ಹೆಚ್ಚುವರಿ ಉತ್ತರಗಳ ಮೂಲವೆಂದು ಬಹಳ ಜನ ಭಾವಿಸುತ್ತಾರೆ. ನಾನು ಅದನ್ನು ಪದ ಕಡ ತರುವ ಮನೆ ಎಂದುಕೊಂಡಿದ್ದೇನೆ. ದೊಡ್ಡ ಎಂಜಿನ್‌ನಲ್ಲಿ ಉತ್ತರ ಇರುತ್ತದೆ, ಕೇಳಲು ನಮಗೆ ಪದ ಗೊತ್ತಿರುವುದಿಲ್ಲ; ಸಣ್ಣದರಲ್ಲಿ ಉತ್ತರ ಇರುವುದಿಲ್ಲ, ಆ ಪದ ಇರುತ್ತದೆ.

ಹಂತ 4: ಆಜ್ಞೆಗಳಿಂದ ಜರಡಿ ಹಿಡಿಯಿರಿ

ಹೊಸ ಪದಗಳೊಂದಿಗೆ ಎರಡನೆಯ ಸುತ್ತು. ಇಲ್ಲಿ ಹೇಳುವ ಆಜ್ಞಾಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಪದದ ಬೆನ್ನಿಗೆ ಕೋಲನ್, ಕೋಲನ್‌ನ ಬೆನ್ನಿಗೆ ಬೇಕಾದ ಮಾತು, ನಡುವೆ ಜಾಗ ಬಿಡಬಾರದು. ಜಾಗ ಬಿಟ್ಟರೆ ಆಜ್ಞೆಯೆಂದು ಗುರುತಾಗದೆ ಅದೂ ಒಂದು ಸಾಮಾನ್ಯ ಪದವಾಗಿಬಿಡಬಹುದು.

ಹೆಚ್ಚು ಉಪಯೋಗಕ್ಕೆ ಬರುವುದು ‘ಸೈಟ್’. ಇದರ ಮುಂದೆ ತಾಣದ ವಿಳಾಸ ಕೊಟ್ಟರೆ ಹುಡುಕಾಟ ಆ ತಾಣದೊಳಗೇ ನಡೆಯುತ್ತದೆ. ದೊಡ್ಡ ಸಂಸ್ಥೆಗಳ ತಾಣದಲ್ಲಿ ಅವರದೇ ಹುಡುಕುಪೆಟ್ಟಿಗೆ ಇರುತ್ತದೆ. ಅದು ಹೆಸರಿಗಷ್ಟೇ ಇದ್ದಾಗ ಹೊರಗಿನ ಎಂಜಿನ್‌ಗೆ ಈ ಆಜ್ಞೆ ಕೊಡುವುದೇ ವಾಸಿ. ‘ಫೈಲ್‌ಟೈಪ್’ ಆಜ್ಞೆಯ ಮುಂದೆ ಪಿಡಿಎಫ್ ಎಂದರೆ ಪಿಡಿಎಫ್ ಕಡತಗಳು ಮಾತ್ರ ಬರುತ್ತವೆ. ‘ಇನ್‌ಟೈಟಲ್’ ಶೀರ್ಷಿಕೆಯಲ್ಲಿ ಆ ಪದ ಇರುವ ಪುಟಗಳನ್ನು ತರುತ್ತದೆ. ಈ ಮೂರನ್ನೂ ಗೂಗಲ್, ಬಿಂಗ್, ಡಕ್‌ಡಕ್‌ಗೋ ಅರ್ಥಮಾಡಿಕೊಳ್ಳುತ್ತವೆ.

ಉದ್ಧರಣ ಚಿಹ್ನೆಯೊಳಗಿಟ್ಟ ಪದಗುಚ್ಛ ಇದ್ದದ್ದು ಇದ್ದಂತೆ ಇರುವ ಪುಟ ಬೇಕೆಂದು ಹೇಳುತ್ತದೆ. ಪದದ ಆರಂಭದಲ್ಲೇ ಅಂಟಿಸಿದ ಕಳೆಯುವ ಚಿಹ್ನೆ ಆ ಪದವಿರುವ ಪುಟ ಬೇಡ ಎನ್ನುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಗೂಗಲ್‌ನಲ್ಲಿ ಕಳೆಯುವ ಚಿಹ್ನೆ ಎಂದರೆ ಬೇಡ ಎಂದೇ ಅರ್ಥ. ಡಕ್‌ಡಕ್‌ಗೋ ತನ್ನ ಸಹಾಯಪುಟದಲ್ಲಿ ಅದನ್ನು ‘ಕಡಿಮೆ ಮಾಡು’ ಎಂದು ವಿವರಿಸುತ್ತದೆ. ಒಂದೇ ಚಿಹ್ನೆ, ಎರಡು ಮನೆಯಲ್ಲಿ ಎರಡು ಅರ್ಥ. ಬಿಂಗ್‌ನಲ್ಲಿ ‘ಕಂಟೈನ್ಸ್’ ಎಂಬ ಆಜ್ಞೆಯಿದೆ, ಅದು ಪಿಡಿಎಫ್ ಕಡತಕ್ಕೆ ಬದಲು ಪಿಡಿಎಫ್‌ಗೆ ಕೊಂಡಿ ಕೊಟ್ಟಿರುವ ಪುಟವನ್ನು ಹುಡುಕುತ್ತದೆ. ಕೈಪಿಡಿಗಳನ್ನು ಸಂಗ್ರಹಿಸಿಟ್ಟವರ ಪಟ್ಟಿ ಹಿಡಿಯಲು ಇದಕ್ಕಿಂತ ಚೊಕ್ಕ ದಾರಿ ನನಗೆ ಕಂಡಿಲ್ಲ.

ಗೂಗಲ್‌ನಲ್ಲಿ ‘ಬಿಫೋರ್’, ‘ಆಫ್ಟರ್’ ಎಂಬ ಕಾಲದ ಆಜ್ಞೆಗಳು 2019ರಿಂದ ಇವೆ. ಕೋಲನ್‌ನ ಮುಂದೆ ವರ್ಷ ಕೊಟ್ಟರೆ ಸಾಕು. ಸುದ್ದಿಯೊಂದು ಎದ್ದು ಎಲ್ಲವನ್ನೂ ಮುಚ್ಚಿಹಾಕಿದಾಗ, ಅದಕ್ಕೂ ಹಿಂದೆ ಆ ವಿಷಯದಲ್ಲಿ ಯಾರು ಏನು ಬರೆದಿದ್ದರೆಂದು ನೋಡಲು ಇದು ಬೇಕು. ಆದರೆ ಪುಟದ ದಿನಾಂಕ ಎಂಜಿನ್‌ನ ಅಂದಾಜು ಮಾತ್ರ, ತೆರೆದು ನೋಡದೆ ನಂಬಬೇಡಿ.

ನಿಮ್ಮ ಪದವನ್ನು ಬಿಟ್ಟು ಅದಕ್ಕೆ ಹತ್ತಿರದ್ದೇನನ್ನೋ ಗೂಗಲ್ ತೋರಿಸುತ್ತಿದ್ದರೆ, ಹುಡುಕು ಸಾಧನಗಳ ಪಟ್ಟಿಯಲ್ಲಿ ‘ವರ್ಬೇಟಿಮ್’ ಎಂಬ ಆಯ್ಕೆ ಇದೆ. ಅದು ಬರೆದದ್ದನ್ನು ಬರೆದಂತೆಯೇ ತೆಗೆದುಕೊಳ್ಳುತ್ತದೆ. 2024ರಲ್ಲಿ ಸೇರಿದ ‘ವೆಬ್’ ಎಂಬ ವಿಭಾಗ ಪೆಟ್ಟಿಗೆ, ವಿಡಿಯೊ, ಸಾರಾಂಶಗಳನ್ನೆಲ್ಲ ತೆಗೆದು ಬರಿಯ ಕೊಂಡಿಗಳನ್ನು ಕೊಡುತ್ತದೆ. ನಾನು ಈಗ ಬಹುಮಟ್ಟಿಗೆ ಅಲ್ಲೇ ಇರುತ್ತೇನೆ.

ಒಂದು ತಾಣದ ಪುಟಗಳು ಒಂದು ಎಂಜಿನ್‌ನಲ್ಲಿ ಧಾರಾಳವಾಗಿ ಸಿಕ್ಕಿ, ಇನ್ನೊಂದರಲ್ಲಿ ಸುಳಿವೇ ಇಲ್ಲದಿದ್ದರೆ ಬೆರಗಾಗಬೇಡಿ. ತಾಣದ ಒಡೆಯರು ಕ್ರಾಲರ್‌ಗಳಿಗೆ ಬಾಗಿಲು ಮುಚ್ಚಬಹುದು. 2024ರ ಜುಲೈ ಹೊತ್ತಿಗೆ ರೆಡ್ಡಿಟ್ ಎಂಬ ಚರ್ಚಾ ತಾಣ ಹಾಗೆ ಮುಚ್ಚಿದಾಗ, ಅದರೊಂದಿಗೆ ಒಪ್ಪಂದವಿದ್ದ ಗೂಗಲ್‌ನಲ್ಲಿ ಅಲ್ಲಿನ ಹೊಸ ಚರ್ಚೆಗಳು ಬರುತ್ತಲೇ ಇದ್ದವು. ಬಿಂಗ್‌ನಲ್ಲೂ ಬಿಂಗ್ ಅವಲಂಬಿಸಿದವುಗಳಲ್ಲೂ ಬರುವುದು ನಿಂತಿತು. ಅಂತಹ ಕಡೆ ಪದ ಬದಲಿಸಿ ಫಲವಿಲ್ಲ, ಬಾವಿಯನ್ನೇ ಬದಲಿಸಬೇಕು.

ಹಂತ 5: ಕನ್ನಡದಲ್ಲಿ ಹುಡುಕುವಾಗ

ಇಂಗ್ಲಿಷ್‌ಗೆ ಹೇಳಿದ ಉಪಾಯಗಳು ಕನ್ನಡಕ್ಕೆ ಹಾಗೇ ಹೊಂದುವುದಿಲ್ಲ. ಇದರ ಬಗ್ಗೆ ಬರೆದವರು ಕಡಿಮೆ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಪದಕ್ಕೆ ವಿಭಕ್ತಿ ಅಂಟಿಕೊಂಡೇ ಬರುತ್ತದೆ. ‘ಗ್ರಂಥಾಲಯ’ ಎಂದು ಉದ್ಧರಣ ಚಿಹ್ನೆಯೊಳಗೆ ಹುಡುಕಿದರೆ ‘ಗ್ರಂಥಾಲಯಗಳಲ್ಲಿ’, ‘ಗ್ರಂಥಾಲಯವನ್ನು’ ಎಂದು ಬರೆದ ಪುಟಗಳು ತಪ್ಪಿಹೋಗಬಹುದು. ಇಂಗ್ಲಿಷಿನ ಬಹುವಚನವನ್ನು ಎಂಜಿನ್‌ಗಳು ಸುಲಭವಾಗಿ ಹಿಡಿಯುತ್ತವೆ, ನಮ್ಮ ಏಳೆಂಟು ರೂಪಗಳನ್ನು ಅಷ್ಟು ನೆಚ್ಚುವಂತೆ ಹಿಡಿಯುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಉದ್ಧರಣ ಚಿಹ್ನೆಯನ್ನು ಕೊನೆಯ ಅಸ್ತ್ರವಾಗಿಟ್ಟುಕೊಳ್ಳಿ. ಬೇಕೇ ಬೇಕೆಂದರೆ, ಎರಡು ಮೂರು ರೂಪಗಳನ್ನು ಬರೆದು ನಡುವೆ ಇಂಗ್ಲಿಷಿನ ‘ಆರ್’ ಪದವನ್ನು ದೊಡ್ಡಕ್ಷರಗಳಲ್ಲಿ ಹಾಕಿ. ಇದರಲ್ಲಿ ಯಾವುದಾದರೂ ಒಂದಿದ್ದರೆ ಸಾಕೆಂದು ಅದರ ಅರ್ಥ.

ಇನ್ನು ಕಾಗುಣಿತ. ‘ಸಾಫ್ಟ್‌ವೇರ್’ ಎಂದು ಒಬ್ಬರು ಬರೆಯುತ್ತಾರೆ, ‘ಸಾಫ್ಟ್ವೇರ್’ ಎಂದು ಇನ್ನೊಬ್ಬರು. ಮೊದಲನೆಯದರ ನಡುವೆ ಅಕ್ಷರಗಳು ಒತ್ತಾಗದಂತೆ ತಡೆಯುವ, ಅಗಲವೇ ಇಲ್ಲದ ಒಂದು ಸಂಕೇತ ಅಡಗಿದೆ. ನಿಮ್ಮ ಕಣ್ಣಿಗೆ ಕಾಣದ ಆ ಸಂಕೇತ ಕಂಪ್ಯೂಟರ್‌ಗೆ ಒಂದು ಅಕ್ಷರವೇ. ಹೊರಗಿನ ಹೆಸರುಗಳಾದರೆ ಕೇಳುವುದೇ ಬೇಡ: ಐನ್‌ಸ್ಟೈನ್, ಐನ್‌ಸ್ಟೀನ್, ಐನ್ಸ್ಟೈನ್, ಎಲ್ಲವೂ ಅಚ್ಚಾಗಿವೆ. ಒಂದು ರೂಪದಲ್ಲಿ ಏನೂ ಸಿಗದಿದ್ದರೆ ‘ಕನ್ನಡದಲ್ಲಿ ಯಾರೂ ಬರೆದಿಲ್ಲ’ ಎಂದು ತೀರ್ಪು ಕೊಡುವ ಮುನ್ನ ಉಳಿದ ರೂಪಗಳನ್ನೂ ಪ್ರಯತ್ನಿಸಿ.

ಮೂರನೆಯ ತೊಡಕಿಗೆ ಮದ್ದು ಇಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್ ಬರುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳು ಪರದೆಯ ಮೇಲೆ ಶುದ್ಧ ಕನ್ನಡವಾಗಿ ಕಂಡರೂ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂತಹ ಪಿಡಿಎಫ್‌ನ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿ, ಗೊತ್ತಾಗುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕಗಳದ್ದೂ ಸುಮಾರು ಇದೇ ಕಥೆ. ಇವನ್ನು ಒಳಗಿನ ಪದಗಳಿಂದ ಸಾಮಾನ್ಯವಾಗಿ ಹುಡುಕಲಾಗದು. ಪುಸ್ತಕದ ಹೆಸರು, ಲೇಖಕರ ಹೆಸರು, ಇಲಾಖೆಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರೆ ಕಡತದ ಹೆಸರಿನ ಮೂಲಕ ಸಿಕ್ಕರೂ ಸಿಗಬಹುದು.

ಹಂತ 6: ಸಾಮಾನ್ಯ ಎಂಜಿನ್‌ಗಳನ್ನು ಬಿಟ್ಟು ಹೊರಡಿ

‘ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು’ ಎಂಬ ಮಾತು ಎಲ್ಲರಿಗೂ ಗೊತ್ತು. ಅದನ್ನು ಮೊದಲು ಹೇಳಿದವರು ಯಾರು? ಸಾಮಾನ್ಯ ಎಂಜಿನ್‌ಗೆ ಇಂಗ್ಲಿಷಿನಲ್ಲಿ ಕೇಳಿ ನೋಡಿ. ಕುಡಿಯಿರಿ ಎನ್ನುವ ಪುಟಗಳು ಲೆಕ್ಕವಿಲ್ಲದಷ್ಟು, ಒಂದನ್ನು ನೋಡಿ ಇನ್ನೊಂದು ಬರೆದಂತೆ. ಪ್ರಶ್ನೆಗೆ ‘ಮೂಲ’, ‘ಪುರಾವೆ’ ಎಂಬರ್ಥದ ಪದಗಳನ್ನು ಸೇರಿಸಿದರೆ ಚಿತ್ರ ಬದಲಾಗುತ್ತದೆ. ಅಲ್ಲೆಲ್ಲೋ ‘ಎಂಟು ಗುಣಿಸು ಎಂಟು’ ಎಂಬ ವಿಚಿತ್ರ ಗುರುತು ಕಾಣುತ್ತದೆ. ಎಂಟು ಔನ್ಸಿನ ಎಂಟು ಲೋಟ ಎಂದು ಅದರರ್ಥ. ಅದೇ ನಮಗೆ ಬೇಕಾದ ಪದ.

ಅದನ್ನು 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್‌ಗೆ ಒಯ್ಯಿರಿ. ಹೈಂಜ್ ವಾಲ್ಟಿನ್ ಎಂಬ ಶರೀರಕ್ರಿಯಾ ವಿಜ್ಞಾನಿ 2002ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಯಾಲಜಿಯಲ್ಲಿ ಪ್ರಕಟಿಸಿದ ಲೇಖನ ಸಿಗುತ್ತದೆ. ಈ ಸಲಹೆಗೆ ವೈಜ್ಞಾನಿಕ ಪುರಾವೆ ಹುಡುಕಿ, ಸಿಗಲಿಲ್ಲವೆಂದು ಅವರು ಬರೆದಿದ್ದಾರೆ. ಅಲ್ಲಿಂದ ಇನ್ನೊಂದು ಹೆಜ್ಜೆ ಹಿಂದೆ ಹೋದರೆ 1945. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಆಹಾರ ಮತ್ತು ಪೋಷಣಾ ವಿಭಾಗ ವಯಸ್ಕರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಸೂಕ್ತವೆಂದು ಶಿಫಾರಸು ಮಾಡಿತ್ತು. ಅಲ್ಲೇ ಇನ್ನೊಂದು ವಾಕ್ಯವೂ ಇತ್ತು: ಇದರಲ್ಲಿ ಹೆಚ್ಚಿನ ಪಾಲು ಸಿದ್ಧಪಡಿಸಿದ ಆಹಾರದಲ್ಲೇ ಇರುತ್ತದೆ. ಲೋಕದ ಕಿವಿಗೆ ಬಿದ್ದದ್ದು ಮೊದಲ ವಾಕ್ಯ. ಎರಡನೆಯದು ದಾರಿಯಲ್ಲೇ ಉದುರಿಹೋಗಿರಬಹುದು. ಮೂರು ಬಗೆಯ ಹುಡುಕಾಟ, ಒಂದರಿಂದ ಒಂದಕ್ಕೆ ಒಂದೊಂದು ಪದದ ಸೇತುವೆ.

ಇಂತಹ ವಿಶೇಷ ತಾಣಗಳಲ್ಲಿ ಕೆಲವನ್ನು ನೆನಪಿಟ್ಟುಕೊಂಡರೆ ಸಾಕು. ವೈದ್ಯಕೀಯ ಸಂಶೋಧನೆಗೆ ಪಬ್‌ಮೆಡ್. ಹಣ ಕೇಳದೆ ಪೂರ್ಣ ಪಾಠ ಕೊಡುವ ಪ್ರಬಂಧಗಳಿಗೆ ಕೋರ್, ಮತ್ತು ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಬೇಸ್. ಯಾವ ಪುಸ್ತಕ ಯಾವ ಗ್ರಂಥಾಲಯದಲ್ಲಿದೆ ಎಂದು ತಿಳಿಯಲು ವರ್ಲ್ಡ್‌ಕ್ಯಾಟ್. ಲೆಕ್ಕ, ಅಳತೆ, ಪರಿವರ್ತನೆಗಳಿಗೆ 2009ರಲ್ಲಿ ಬಂದ ವುಲ್ಫ್ರಮ್ ಆಲ್ಫಾ. ಅದು ಪುಟ ಹುಡುಕುವುದಿಲ್ಲ, ಲೆಕ್ಕ ಮಾಡಿ ಹೇಳುತ್ತದೆ.

ಕೊಂಡಿ ಒತ್ತಿದರೆ ಪುಟವೇ ಇಲ್ಲ ಎಂದಾದಾಗ ಮೊದಲೆಲ್ಲ ಗೂಗಲ್ ಉಳಿಸಿಟ್ಟ ಪ್ರತಿಯನ್ನು ತೆರೆಯುತ್ತಿದ್ದೆವು. ಆ ಸೌಲಭ್ಯ 2024ರಲ್ಲಿ ಹೋಯಿತು. ಈಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್ ಗತಿ. 1996ರಿಂದ ಪುಟಗಳನ್ನು ಕೂಡಿಡುತ್ತಿರುವ ಸಂಸ್ಥೆಯದು, ಸಾರ್ವಜನಿಕರಿಗೆ ತೆರೆದದ್ದು 2001ರಲ್ಲಿ. ಸತ್ತ ಕೊಂಡಿಯ ವಿಳಾಸವನ್ನು ಅಲ್ಲಿ ಅಂಟಿಸಿದರೆ ಕ್ಯಾಲೆಂಡರ್ ತೆರೆಯುತ್ತದೆ. ಚುಕ್ಕೆ ಇರುವ ದಿನ ಒತ್ತಿದರೆ ಅಂದಿನ ಪುಟ.

ಹಂತ 7: ಚಿತ್ರದಿಂದ ಹುಡುಕುವುದು

ಚಿತ್ರದ ವಿಷಯದಲ್ಲಿ ಎಂಜಿನ್‌ಗಳ ಸ್ವಭಾವಭೇದ ಇನ್ನೂ ಸ್ಪಷ್ಟ. ಗೂಗಲ್ ಲೆನ್ಸ್ ಚಿತ್ರದಲ್ಲಿರುವ ವಸ್ತು ಏನೆಂದು ಗುರುತಿಸಿ ಅದರಂತಹುದನ್ನು ತೋರಿಸಲು ನೋಡುತ್ತದೆ. 2008ರಲ್ಲಿ ಆರಂಭವಾದ ಟಿನ್‌ಐ ಅದೇ ಚಿತ್ರ ಬೇರೆಲ್ಲಿ ಬಳಕೆಯಾಗಿದೆ ಎಂದು ಹುಡುಕುತ್ತದೆ. ಕತ್ತರಿಸಿದ್ದು, ಗಾತ್ರ ಬದಲಿಸಿದ್ದು ಕೂಡ ಬರುತ್ತದೆ. ಗಿಡ ಯಾವುದೆಂದು ತಿಳಿಯಬೇಕಾದರೆ ಮೊದಲನೆಯದು, ಫೋಟೊ ನಿಜವೋ ಸುಳ್ಳೋ ತಿಳಿಯಬೇಕಾದರೆ ಎರಡನೆಯದು. ಟಿನ್‌ಐನಲ್ಲಿ ಫಲಿತಾಂಶಗಳನ್ನು ‘ಹಳೆಯದು ಮೊದಲು’ ಎಂದು ಜೋಡಿಸುವ ಆಯ್ಕೆಯಿದೆ. ಇವತ್ತಿನ ನೆರೆಯ ಚಿತ್ರವೆಂದು ಕಳಿಸಿದ್ದು ಹತ್ತು ವರ್ಷ ಹಿಂದೆಯೇ ಎಲ್ಲೋ ಇದ್ದರೆ ಅಲ್ಲಿಗೆ ವಿಚಾರಣೆ ಮುಗಿಯಿತು.

ನೆರೆನೀರು ತುಂಬಿದ ಹೆದ್ದಾರಿಯಲ್ಲಿ ಕಾರಿನ ಪಕ್ಕ ಈಜುವ ಶಾರ್ಕ್‌ನ ಫೋಟೊವನ್ನು ನೀವೂ ನೋಡಿರಬಹುದು. 2011ರಿಂದ ಎಲ್ಲೇ ದೊಡ್ಡ ಚಂಡಮಾರುತ ಬಂದರೂ ಅದು ಹೊಸ ಊರಿನ ಹೆಸರಿನೊಂದಿಗೆ ತಿರುಗಿ ಬರುತ್ತದೆ. ಆ ಶಾರ್ಕ್ ದಕ್ಷಿಣ ಆಫ್ರಿಕಾದ ಕಡಲಲ್ಲಿ ಕಯಾಕ್ ದೋಣಿಯ ಹಿಂದೆ ಈಜುತ್ತಿದ್ದದ್ದು. ಯಾರೋ ಕತ್ತರಿಸಿ ರಸ್ತೆಗೆ ತಂದರು. ಇಂತಹ ಅಂಟಿಸಿದ ಚಿತ್ರವನ್ನು ಇಡಿಯಾಗಿ ಹುಡುಕಿದರೆ ಸುಳ್ಳಿನ ಪ್ರತಿಗಳೇ ಬರುತ್ತವೆ. ಅನುಮಾನವಿರುವ ಭಾಗವನ್ನಷ್ಟೇ ಕತ್ತರಿಸಿ ಹುಡುಕಿ. ಒಂದರಲ್ಲಿ ಸಿಗದಿದ್ದರೆ ಬಿಂಗ್, ಯಾಂಡೆಕ್ಸ್‌ಗಳಲ್ಲೂ ನೋಡಿ. ಪರಿಚಿತರ ಖಾಸಗಿ ಫೋಟೊಗಳನ್ನು ಮಾತ್ರ ಇಲ್ಲಿಗೆಲ್ಲ ಏರಿಸಬೇಡಿ.

ಹಂತ 8: ಎಐ ಉತ್ತರ ಬಂದಾಗ

ಈಗ ಕೊಂಡಿಗಳ ಮೇಲೆ ಎಐ ಬರೆದ ಸಾರಾಂಶ ಕುಳಿತಿರುತ್ತದೆ. ಗೂಗಲ್ 2024ರ ಮೇ ತಿಂಗಳಲ್ಲಿ ಇದನ್ನು ಅಮೆರಿಕದಲ್ಲಿ ಎಲ್ಲರಿಗೂ ತೆರೆದ ಕೆಲವೇ ದಿನಗಳಲ್ಲಿ, ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಅಂಟು ಬೆರೆಸಿ ಎಂಬ ಸಲಹೆ ಕೊಟ್ಟು ನಗೆಪಾಟಲಾಯಿತು. ಅದರ ಮೂಲ ರೆಡ್ಡಿಟ್‌ನಲ್ಲಿ ಯಾರೋ ಎಷ್ಟೋ ವರ್ಷ ಹಿಂದೆ ಬರೆದಿದ್ದ ತಮಾಷೆ. ಯಂತ್ರ ಅದನ್ನು ಗಂಭೀರವಾಗಿ ತೆಗೆದುಕೊಂಡಿತು.

ಸಾರಾಂಶ ಓದಬೇಡಿ ಎನ್ನುತ್ತಿಲ್ಲ. ಅದನ್ನು ಮೂರನೆಯ ಹಂತದ ಹಾಗೆ ಬಳಸಿ, ಪದ ಹೆಕ್ಕಲು. ಚಾಟ್ ಮಾಡುವ ಎಐಗೆ ‘ಈ ವಿಷಯದವರು ಬಳಸುವ ಪದಗಳು ಯಾವುವು’ ಎಂದು ಕೇಳಿದರೆ ಚೆನ್ನಾಗಿ ಹೇಳುತ್ತದೆ. ಆದರೆ ಅಂಕಿ, ದಿನಾಂಕ, ಹೆಸರು, ಔಷಧದ ಪ್ರಮಾಣ ಯಾವುದೇ ಇರಲಿ, ಪಕ್ಕದಲ್ಲಿ ಕೊಟ್ಟ ಕೊಂಡಿಯನ್ನು ತೆರೆದು ಆ ಮಾತು ಅಲ್ಲಿ ಇದೆಯೇ ಎಂದು ಕಣ್ಣಾರೆ ನೋಡಿ. ಎಷ್ಟೋ ಸಲ ಕೊಂಡಿ ಇರುತ್ತದೆ, ಮಾತು ಇರುವುದಿಲ್ಲ.

ಹಂತ 9: ಬ್ರೌಸರ್‌ನಲ್ಲಿ ದಾರಿ ಸುಲಭ ಮಾಡಿಕೊಳ್ಳಿ

ಮೂರು ತಾಣಗಳ ವಿಳಾಸವನ್ನು ಪ್ರತಿ ಸಲ ಟೈಪ್ ಮಾಡುವ ಶಿಕ್ಷೆಯಾದರೆ ನಾಲ್ಕನೆಯ ದಿನ ಈ ಅಭ್ಯಾಸ ಬಿಟ್ಟುಹೋಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡರ ಸೆಟ್ಟಿಂಗ್ಸ್‌ನಲ್ಲೂ ಸರ್ಚ್ ಎಂಜಿನ್‌ಗಳ ಪಟ್ಟಿ ಇದೆ. ಪ್ರತಿಯೊಂದಕ್ಕೂ ಒಂದೆರಡು ಅಕ್ಷರದ ಅಡ್ಡಹೆಸರು ಕೊಡಬಹುದು. ಆಮೇಲೆ ಮೇಲಿನ ವಿಳಾಸದ ಪೆಟ್ಟಿಗೆಯಲ್ಲಿ ಅಡ್ಡಹೆಸರು, ಜಾಗ, ಪ್ರಶ್ನೆ, ಇಷ್ಟೇ. ಡಕ್‌ಡಕ್‌ಗೋ ಬಳಸುವವರಿಗೆ ಇನ್ನೂ ಸುಲಭ. ಆಶ್ಚರ್ಯಸೂಚಕ ಚಿಹ್ನೆಗೆ ಇಂಗ್ಲಿಷಿನ ಡಬ್ಲ್ಯೂ ಅಂಟಿಸಿ ಪ್ರಶ್ನೆ ಬರೆದರೆ ಹುಡುಕಾಟ ನೇರ ವಿಕಿಪೀಡಿಯಾದಲ್ಲಿ, ಜಿ ಅಂಟಿಸಿದರೆ ಗೂಗಲ್‌ನಲ್ಲಿ.

ಹಂತ 10: ಬರೆದಿಡಿ, ಉಳಿಸಿಡಿ, ನಿಲ್ಲಿಸಿ

ಗಂಟೆಗಟ್ಟಲೆ ನಡೆಯುವ ಹುಡುಕಾಟವಾದರೆ ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಯಾವ ಎಂಜಿನ್, ಯಾವ ಪದ, ಏನು ಸಿಕ್ಕಿತು. ‘ಏನೂ ಇಲ್ಲ’ ಎಂಬುದನ್ನೂ ಬರೆಯಿರಿ. ಇಲ್ಲದಿದ್ದರೆ ಮರುದಿನ ಅದೇ ಬರಿದಾದ ಜಾಗಕ್ಕೆ ಅದೇ ಉತ್ಸಾಹದಿಂದ ಹೋಗುತ್ತೀರಿ. ನಾನು ಹೋಗಿದ್ದೇನೆ.

ನಿಲ್ಲಿಸುವುದು ಯಾವಾಗ? ನನ್ನ ಲೆಕ್ಕ ಹೀಗಿದೆ. ಮೂರು ಬಾವಿಗಳಲ್ಲಿ ಎರಡು ಸುತ್ತು ಮುಗಿದು, ಹೊಸ ಪದ ಒಂದೂ ಸಿಗದೆ, ಪುಟಗಳು ಒಂದನ್ನೊಂದು ನಕಲು ಮಾಡತೊಡಗಿದರೆ ಸಾಕು. ಆಮೇಲೆ ಗೊತ್ತಿರುವವರನ್ನು ಕೇಳುವುದೇ ಸರಿ. ಲೋಕದ ತಿಳಿವಳಿಕೆಯೆಲ್ಲ ಅಂತರಜಾಲಕ್ಕೆ ಬಂದಿಲ್ಲ.

ಸಿಕ್ಕಿದ್ದು ಮುಖ್ಯವಾದದ್ದಾದರೆ ಬುಕ್‌ಮಾರ್ಕ್ ಮಾಡಿ ಸುಮ್ಮನಾಗಬೇಡಿ. ವೇಬ್ಯಾಕ್ ಮಷಿನ್‌ನ ಮುಖಪುಟದಲ್ಲಿ ಪುಟವನ್ನು ಈಗಲೇ ಉಳಿಸುವ ಪೆಟ್ಟಿಗೆ ಇದೆ. ವಿಳಾಸ ಅಂಟಿಸಿ ಒತ್ತಿದರೆ ಪ್ರತಿಯೊಂದು ಅಲ್ಲಿ ನಿಲ್ಲುತ್ತದೆ. ಹೊಲಿಗೆ ಯಂತ್ರ ಸರಿಹೋದ ಸಂಜೆ ಆ ಹವ್ಯಾಸಿಯ ಬೂದು ಪುಟವನ್ನು ಹಾಗೆ ಉಳಿಸಿದ್ದೆ. ಕಳೆದ ತಿಂಗಳು ಗೆಳೆಯರೊಬ್ಬರಿಗೆ ತೋರಿಸೋಣವೆಂದು ಮೂಲ ಕೊಂಡಿ ಒತ್ತಿದೆ, ತೆರೆಯಲಿಲ್ಲ. ಉಳಿಸಿದ ಪ್ರತಿ ತೆರೆಯಿತು. ಬೂದು ಹಿನ್ನೆಲೆ, ನೀಲಿ ಅಕ್ಷರ, ಎರಡನೆಯ ಸಂಖ್ಯೆ ಇರುವ ಆ ಒಂದು ವಾಕ್ಯ, ಎಲ್ಲ ಇದ್ದ ಹಾಗೇ ಇತ್ತು.